ಅರೆಕಾಲಿಕ ಪಿಎಚ್‌ಡಿಯೋ, ಎಕ್ಸಿಕ್ಯೂಟಿವ್ ಎಂಬಿಎಯೋ?

ಬಳ್ಳಾರಿಯಲ್ಲಿ ಹತ್ತು ವರ್ಷಗಳಿಂದ ಜೀನ್ಸ್ ಘಟಕ ನಡೆಸುತ್ತಿದ್ದೀರಿ, ಕೆಲಸ ಬಿಡದೆ ಓದುವುದಾದರೆ ಅರೆಕಾಲಿಕ ಪಿಎಚ್‌ಡಿ, ಕೆಲಸದಲ್ಲಿರುವವರಿಗಾಗಿಯೇ ಇರುವ ಎಕ್ಸಿಕ್ಯೂಟಿವ್ ಎಂಬಿಎ ಇವೆರಡರಲ್ಲಿ ಯಾವುದು ಎಂದು ಕೇಳಿದ್ದೀರಿ.

ಸಮಯದ ಲೆಕ್ಕ ಸುಲಭ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯ ಮಿತಿ 6. ಎಂಬಿಎ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ. ಖರ್ಚಿನಲ್ಲಿ ತಕ್ಕಡಿ ತಿರುಗುತ್ತದೆ: ಹೆಸರಾಂತ ಸಂಸ್ಥೆಗಳ ಎಂಬಿಎ ಶುಲ್ಕ ಹಲವು ಲಕ್ಷ, ಸರ್ಕಾರಿ ವಿಶ್ವವಿದ್ಯಾಲಯದ ಪಿಎಚ್‌ಡಿ ಬಹಳ ಅಗ್ಗ. ನಿಮ್ಮೂರಿನಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವಿದೆ, ವಿಚಾರಿಸಿ.

ನಿಜವಾಗಿ ತೂಗಬೇಕಾದದ್ದು ನಿಮ್ಮನ್ನು ಕಾಡುವ ಪ್ರಶ್ನೆಯನ್ನು. ಸಾಲ, ದಾಸ್ತಾನು, ಮಾರಾಟವನ್ನು ಬೇಗನೆ ಹತೋಟಿಗೆ ತರಬೇಕಿದ್ದರೆ ಎಂಬಿಎ ಸಾಕು. ಬೇರೆಯವರು ಕಂಡುಕೊಂಡದ್ದನ್ನು ಅದು ನಿಮ್ಮ ಕೈಗಿಡುತ್ತದೆ. ಆದರೆ ನುರಿತ ಹೊಲಿಗೆಯವರು ಏಕೆ ಘಟಕ ಬಿಟ್ಟು ಹೋಗುತ್ತಾರೆ, ತುಂಡಿನ ಲೆಕ್ಕದ ಕೂಲಿಯೇ ಕಾರಣವೇ ಎಂಬುದು ವರ್ಷಗಳಿಂದ ನಿದ್ದೆ ಕೆಡಿಸಿದ್ದರೆ ಪಿಎಚ್‌ಡಿ ಮಾಡಿ. ಹೊಲಿಗೆ ಯಂತ್ರಗಳ ನಡುವೆ ನಿಂತವರಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಉತ್ತರವನ್ನು ಪರೀಕ್ಷಿಸುವ ಶಿಸ್ತು ಮಾತ್ರ ಸಂಶೋಧನೆಯಿಂದ ಬರಬೇಕು. ಆ ಅನುಭವವೂ ಈ ಶಿಸ್ತೂ ಒಬ್ಬರಲ್ಲೇ ಸೇರುವುದು ನಮ್ಮ ಜಿಲ್ಲೆಗೆ ತುರ್ತಾಗಿ ಬೇಕಿದೆ.

ಒಂದು ಎಚ್ಚರ: ಸಂಶೋಧನೆಗೆ ಸ್ವಂತ ಕೆಲಸಗಾರರನ್ನೇ ಸಂದರ್ಶಿಸಿದರೆ ಮಾಲೀಕರಿಗೆ ಹಿತವಾದ ಮಾತೇ ಸಿಗಬಹುದು. ಬೇರೆ ಘಟಕಗಳಿಗೂ ಹೋಗಿ. ಡಿಬಿಎ (ವ್ಯವಹಾರ ಆಡಳಿತದ ಡಾಕ್ಟರೇಟ್) ಎಂಬ ಮೂರನೆಯ ದಾರಿಯೂ ಇದೆ. ಹಣ ಕಟ್ಟುವ ಮೊದಲು ಯುಜಿಸಿ ಮಾನ್ಯತೆ ಖಚಿತಪಡಿಸಿಕೊಳ್ಳಿ.