ಸಿಂಗಾಪುರಕ್ಕೆ ಹೊರಟವರ ನಾಯಿ: ಕರ್ಕೊಂಡು ಹೋಗೋದಾ, ಬೆಂಗಳೂರಲ್ಲೇ ಬಿಡೋದಾ?

ಮೊದಲು ನಾಯಿಯ ತಳಿ ನೋಡಿ, ಉಳಿದಿದ್ದು ಆಮೇಲೆ. ಸಿಂಗಾಪುರದಲ್ಲಿ ಹೆಚ್ಚಿನವರು ಇರುವುದು ಎಚ್‌ಡಿಬಿ ಎಂಬ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ. ಅಲ್ಲಿ ಮನೆಗೆ ಒಂದೇ ನಾಯಿ, ಅದೂ ಪಟ್ಟಿಯಲ್ಲಿರುವ ಪಗ್, ಶಿಟ್ಜು, ಪೊಮೆರೇನಿಯನ್ ಥರದ ಚಿಕ್ಕ ತಳಿ. ತಪ್ಪಿದರೆ 4,000 ಸಿಂಗಾಪುರ ಡಾಲರ್‌ವರೆಗೆ ದಂಡ. ನಿಮ್ಮದು ಲ್ಯಾಬ್ರಡಾರೋ ಮುಧೋಳವೋ ಆಗಿದ್ದರೆ ಕಾಂಡೋ ಅನ್ನುವ ಖಾಸಗಿ ಅಪಾರ್ಟ್‌ಮೆಂಟೇ ಹಿಡಿಯಬೇಕು. ಅಲ್ಲಿ 3 ನಾಯಿವರೆಗೆ ಸಾಕಬಹುದು, ಆದರೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ, ಓನರ್ ಬೇರೆ ಒಪ್ಪಬೇಕು.

ಬೆಂಗಳೂರಲ್ಲಿ ಈ ಕಾಟ ಕಡಿಮೆ. ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಪ್ರಕಾರ ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕಬೇಡಿ ಅನ್ನುವಂತಿಲ್ಲ (ಲಿಫ್ಟ್ ವಿಷಯಕ್ಕೆ ಜಗಳ ತೆಗೆಯೋರು ಇದ್ದೇ ಇರುತ್ತಾರೆ, ಬಿಡಿ). ಇಲ್ಲಿನ ಕಷ್ಟ ಬೇರೆ. ವಾಕಿಂಗ್ ಹೊರಟರೆ ಪ್ರತಿ ತಿರುವಿನಲ್ಲೂ ಬೀದಿ ನಾಯಿಗಳು ಮೇಲೆ ಬರುತ್ತವೆ, ವಯಸ್ಸಾದ ಅಪ್ಪ ಅಮ್ಮ ದಿನಕ್ಕೆ ಎರಡು ಸಲ ಅದನ್ನು ನಿಭಾಯಿಸಬೇಕು. ಅವರನ್ನು ಕೇಳದೇ ತೀರ್ಮಾನ ಮಾಡಬೇಡಿ.

ಪ್ರಯಾಣವೂ ಸುಲಭ ಅಲ್ಲ. ಮೈಕ್ರೋಚಿಪ್, ರೇಬೀಸ್ ಲಸಿಕೆ, ರಕ್ತ ಪರೀಕ್ಷೆ, ಆಮದು ಲೈಸೆನ್ಸ್, ಇಳಿದ ಮೇಲೆ ಕ್ವಾರಂಟೈನ್. ತಿಂಗಳುಗಟ್ಟಲೆ ಮುಂಚೆ ಶುರು ಮಾಡಬೇಕು. ಅಲ್ಲಿ ಎಂಆರ್‌ಟಿ ಎಂಬ ಮೆಟ್ರೋ ರೈಲಿಗೆ, ಬಸ್ಸಿಗೆ ಅಂಧರ ಮಾರ್ಗದರ್ಶಿ ನಾಯಿ ಬಿಟ್ಟು ಬೇರೆ ನಾಯಿಗೆ ಪ್ರವೇಶವಿಲ್ಲ, ಡಾಕ್ಟರ್ ಹತ್ತಿರ ಹೋಗಲೂ ಟ್ಯಾಕ್ಸಿ.

ಚಿಕ್ಕ ತಳಿ, ಎಳೇ ವಯಸ್ಸು, ನೀವು ಅಲ್ಲೇ ನೆಲೆಸುವವರು ಅಂದ್ರೆ ಕರ್ಕೊಂಡು ಹೋಗಿ. ಎರಡು ವರ್ಷದ ಕಾಂಟ್ರಾಕ್ಟ್, ಮುದಿ ನಾಯಿ ಆದರೆ ನಾನಂತೂ ಬೆಂಗಳೂರಲ್ಲೇ ಬಿಡುತ್ತೇನೆ, ವಾಕಿಂಗ್‌ಗೆ ಹುಡುಗನನ್ನು ಇಟ್ಟು ಪ್ರತಿ ತಿಂಗಳು ದುಡ್ಡು ಕಳಿಸುತ್ತೇನೆ.