ಟಫನ್ಡ್ ಅಂತ ದುಡ್ಡು ತಗೊಂಡು ಸಾದಾ ಗಾಜು ಕೂರಿಸಿ ಹೋದರು: ಗ್ಯಾರೇಜು, ಶೆಡ್ಡು ಕಟ್ಟಿಸೋರು ಓದಿ

ಗಾಜಿನ ಕೆಲಸ, ಮರದ ಪಾಲಿಶ್ ಕೆಲಸ ಎರಡನ್ನೂ ಒಬ್ಬರಿಗೇ ಗುತ್ತಿಗೆ ಕೊಡೋಕೆ ಹೊರಟಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಸಾಗರ, ಸೊರಬ, ಹೊಸನಗರದ ಕಡೆಯವರಂತೂ ಓದಲೇಬೇಕು, ಯಾಕಂದ್ರೆ ನನಗೆ ಮೋಸ ಮಾಡಿದ ಗುತ್ತಿಗೆದಾರ ಈಗಲೂ ಇದೇ ಕಡೆ ಕೆಲಸ ಹಿಡೀತಿದ್ದಾನೆ. ಹೆಸರು ಇಲ್ಲಿ ಹಾಕಲ್ಲ. ನಡೆದಿದ್ದನ್ನ ಮಾತ್ರ ಹೇಳ್ತೀನಿ.

ಮನೆ ಪಕ್ಕದಲ್ಲಿ ಗ್ಯಾರೇಜು ನಾನು, ನನ್ನ ತಮ್ಮ ಸೇರಿ ಕಟ್ಟಿದ್ದು. ಜಂಬಿಟ್ಟಿಗೆ ಗೋಡೆ, ಕಬ್ಬಿಣದ ಟ್ರಸ್, ಮೇಲೆ ಹಳೇ ಮನೆಯಿಂದ ಇಳಿಸಿಟ್ಟಿದ್ದ ಮಂಗಳೂರು ಹಂಚು. ಬಾಗಿಲಿಗೆ ನಮ್ಮದೇ ತೋಟದ ಅಂಚಲ್ಲಿ ಗಾಳಿಗೆ ಬಿದ್ದಿದ್ದ ಹಲಸಿನ ಮರ. ಕೊಯ್ಸಿ, ನೆರಳಲ್ಲಿ ಅಟ್ಟಿ ಹಾಕಿ ಚೆನ್ನಾಗಿ ಒಣಗಿಸಿ ಇಟ್ಟಿದ್ವಿ. ಆಚಾರ್ರು ಮಾಡಿಕೊಟ್ಟ ಬಾಗಿಲಿನಲ್ಲಿ ಕೂದಲೆಳೆ ವ್ಯತ್ಯಾಸ ಇಲ್ಲ, ಅವರ ಬಗ್ಗೆ ಒಂದು ಮಾತೂ ಇಲ್ಲ. ಉಳಿದಿದ್ದು ಗಾಜು ಮತ್ತು ಪಾಲಿಶ್, ಎರಡನ್ನೂ ಆ ಒಬ್ಬನಿಗೇ ಕೊಟ್ಟೆ. ಎಲ್ಲಾ ಕೆಟ್ಟಿದ್ದು ಅಲ್ಲಿಂದ.

ಬಾಗಿಲ ಗಾಜು ಮೊಣಕಾಲಿನ ಎತ್ತರದಿಂದ ಶುರುವಾಗುತ್ತೆ. ಒಳಗೆ ಬೆಳಕು ಬರಲಿ ಅಂತ ಹಾಗೆ ಮಾಡಿಸಿದ್ದು. ನನ್ನ ಮಗಳು, ತಮ್ಮನ ಮಕ್ಕಳು ಸೈಕಲ್ ತಗೊಂಡು ಒಳಗೂ ಹೊರಗೂ ಓಡಾಡೋ ಜಾಗ ಅದು. ನಮ್ಮ ಕಡೆ ಮಳೆಗಾಲದ ಗಾಳಿಗೆ ಬಾಗಿಲು ಹೇಗೆ ಬಡ್ಕೊಳುತ್ತೆ ಅಂತ ಹೇಳಬೇಕಾಗಿಲ್ಲ. ಅದಕ್ಕೇ ಟಫನ್ಡ್ ಗಾಜೇ ಬೇಕು ಅಂತ ಮೊದಲ ದಿನವೇ ಹೇಳಿದ್ದೆ. ಸಾದಾ ಗಾಜು ಒಡೆದರೆ ಕತ್ತಿಯಂಥ ಚೂರು. ಟಫನ್ಡ್ ಒಡೆದರೆ ಸಣ್ಣ ಸಣ್ಣ ಕಾಳಾಗಿ ಉದುರುತ್ತೆ. ಮಕ್ಕಳಿರೋ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಅವನೇ ಹೇಳಿದ್ದು ಕೇಳಿ: "ಸಾರ್, ಟಫನ್ಡ್ ಆದ್ಮೇಲೆ ಕಟ್ ಮಾಡೋಕೆ ಬರಲ್ಲ. ಅಳತೆ ಪಕ್ಕಾ ಇರ್ಬೇಕು. ಫ್ಯಾಕ್ಟರಿಗೆ ಹೋಗಿ ಬರ್ಬೇಕು, ಟೈಮ್ ಹಿಡಿಯುತ್ತೆ, ಅಡ್ವಾನ್ಸ್ ಜಾಸ್ತಿ ಕೊಡ್ಬೇಕು." ಸರಿಯಾದ ಮಾತೇ. ಕೊಟ್ಟೆ. ಸಾದಾ ಗಾಜಿನ ಎರಡು ಪಟ್ಟಿನ ಹತ್ತಿರ ದರ ಹಾಕಿದ್ದ. ಅಳತೆಯನ್ನ ಮುಂದಿನ 3 ಇಂಚಿಗೋ 6 ಇಂಚಿಗೋ ಏರಿಸಿ ಬಿಲ್ ಮಾಡೋದು ಹಲವು ಗಾಜಿನಂಗಡಿಯವರ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ.

ಗಾಜು ಬಂತು. ಮೂಲೆಯಲ್ಲಿ ಟಫನ್ಡ್ ಅಂತ ಸ್ಟಿಕರ್ ಇತ್ತು. ಮನೆಗೆ ಬಂದಿದ್ದ ಮಾವನವರನ್ನ ಕರೆದು, ನೋಡಿ ಇದು ಮಕ್ಕಳಿಗೆ ಅಪಾಯ ಇಲ್ಲದ ಗಾಜು ಅಂತ ನಾನೇ ತೋರಿಸ್ತಿದ್ದೆ. ಒಂದು ಹಾಳೆ ಸ್ವಲ್ಪ ದೊಡ್ಡದಾಗಿ, ಬಾಗಿಲಿನಲ್ಲಿ ಗಾಜಿಗೆ ಅಂತ ಕೊರೆದ ಕಚ್ಚಿನಲ್ಲಿ ಕೂರಲಿಲ್ಲ. ಕೆಲಸದ ಹುಡುಗ ಜೇಬಿಂದ ಕಟರ್ ತೆಗೆದ. ಪಟ್ಟಿ ಹಿಡಿದು ಸರ್ ಅಂತ ಒಂದು ಗೆರೆ ಎಳೆದ. ಅಂಚನ್ನ ಮೇಜಿಗೆ ಕೊಟ್ಟು ಒತ್ತಿದ. ಟಕ್ ಅಂತ ಪಟ್ಟಿಯಾಗಿ ಬಂತು.

ಟಕ್ ಅಂತ ಬಂತು! ಕಟ್ ಮಾಡೋಕೆ ಬರಲ್ಲ ಅಂತ ಹೇಳಿ ದುಡ್ಡು ತಗೊಂಡ ಗಾಜು, ನನ್ನ ಕಣ್ಣೆದುರೇ ಕಟ್ ಆಯ್ತು. ಮಾವನವರು ಗಾಜು ನೋಡಿದ್ರು, ನನ್ನ ಮುಖ ನೋಡಿದ್ರು, ಏನೂ ಹೇಳಲಿಲ್ಲ. ಆ ಕ್ಷಣ ಆದ ಅವಮಾನ ಈಗ ಬರೀವಾಗಲೂ ಮೈ ಉರಿಸುತ್ತೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಟಫನ್ಡ್ ಮಾಡುವಾಗ ಗಾಜನ್ನ 600 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿ, ಜೋರು ಗಾಳಿ ಊದಿ ಒಮ್ಮೆಲೇ ತಣಿಸ್ತಾರೆ. ಹೊರಮೈ ಬಿಗಿಯುತ್ತೆ, ಒಳಗೆ ಎಳೆತ ಉಳಿಯುತ್ತೆ. ಅದಕ್ಕೇ ಅಷ್ಟು ಗಟ್ಟಿ. ಕತ್ತರಿಸೋದು, ತೂತು ಹೊಡೆಯೋದು ಎಲ್ಲಾ ಮೊದಲೇ ಆಗಬೇಕು. ಆಮೇಲೆ ಕತ್ತರಿಸೋಕೆ ಹೋದರೆ ಇಡೀ ಹಾಳೆ ಪುಡಿ. ನೆಟ್ಟಗೆ ಪಟ್ಟಿಯಾಗಿ ಬಂದರೆ ಅದು ಸಾದಾ ಗಾಜೇ.

ಅಲ್ಲೇ ಫೋನ್ ಮಾಡಿದೆ. ಅವನ ಉತ್ತರ: "ಅದು ಸೆಮಿ ಟಫನ್ಡ್ ಸಾರ್." ನಾನು ಸೆಮಿ ಅಂತ ಕೇಳಿದ್ನಾ? ಆ ಥರದ್ದು, ಅಂದ್ರೆ ಹೀಟ್ ಸ್ಟ್ರೆಂಥನ್ಡ್ ಗಾಜನ್ನೂ ಆಮೇಲೆ ಕತ್ತರಿಸೋಕೆ ಬರಲ್ಲ. ಅದನ್ನ ಹೇಳಿದ್ದಕ್ಕೆ "ನಮ್ಮದು ಡೈಮಂಡ್ ಕಟರ್ ಸಾರ್, ಏನ್ ಬೇಕಾದ್ರೂ ಕಟ್ ಮಾಡುತ್ತೆ" ಅಂದ. ಸ್ವಲ್ಪ ಹೊತ್ತಿಗೆ "ಆ ಒಂದು ಹಾಳೆ ಬದಲಾಗಿ ಬಂದಿದೆ, ಉಳಿದಿದ್ದೆಲ್ಲ ಒರಿಜಿನಲ್" ಅಂದ. ಒಂದೇ ಫೋನಿನಲ್ಲಿ ಮೂರು ಉತ್ತರ. ಕೊನೆಗೆ "ಸ್ಟಿಕರ್ ಇದೆಯಲ್ಲ ಸಾರ್, ಇನ್ನೇನ್ ಬೇಕು ನಿಮಗೆ?" ಸ್ಟಿಕರನ್ನ ಉಗುರಲ್ಲಿ ಕಿತ್ತೆ, ಕೆಳಗೆ ಏನೂ ಇಲ್ಲ. ಸುರಕ್ಷಾ ಗಾಜಿಗೆ ಐಎಸ್ 2553 ಅಂತ ಭಾರತೀಯ ಮಾನದಂಡ ಇದೆ. ಗುರುತು ಗಾಜಿನ ಮೇಲೇ ಅಚ್ಚಾಗಿರಬೇಕು, ಕೆರೆದರೂ ಹೋಗಬಾರದು. ಉಳಿದ ಹಾಳೆಗಳ ಎಲ್ಲಾ ಮೂಲೆ ನೋಡಿದೆ. ಒಂದರಲ್ಲೂ ಇಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ನಂಬಿಕೆ ಹೋದ ಮೇಲೆ ಪಾಲಿಶ್ ಕಡೆಗೂ ಅನುಮಾನ ಬಂತು. ಆಗಲೇ ಕೂರಿಸಿದ್ದ ಗಾಜನ್ನ ಹಿಡಿದಿಡೋ ಮರದ ಬೀಡಿಂಗ್ ಪಟ್ಟಿ ಒಂದನ್ನ ಮೆಲ್ಲಗೆ ಎಬ್ಬಿಸಿ ನೋಡಿದೆ. ಒಳಗೆ ಬರೀ ಹಳದಿ ಮರ! ಒಂದು ಕೋಟೂ ಇಲ್ಲ. ಗಾಜು ಕೂರುವ ಕಚ್ಚಿಗೆ, ಬೀಡಿಂಗ್‌ನ ಬೆನ್ನಿಗೆ, ಬಾಗಿಲಿನ ಅಡಿಗೆ, ಎಲ್ಲೂ ಇಲ್ಲ. ನೀರು ಮೊದಲು ಇಳಿಯೋದೇ ಅಲ್ಲಿ. ಮರ ಉಬ್ಬಿದರೆ ಗಾಜನ್ನ ಒತ್ತುತ್ತೆ, ಗಾಜಿನ ಸುತ್ತ 2-3 ಮಿಲಿಮೀಟರ್ ಸಂದೂ ಬಿಟ್ಟಿರಲಿಲ್ಲ, ಅಡಿಗೆ ರಬ್ಬರ್ ತುಂಡೂ ಇಟ್ಟಿರಲಿಲ್ಲ. ಕೇಳಿದ್ರೆ "ಒಳಗಡೆ ಯಾರು ನೋಡ್ತಾರೆ ಸಾರ್?"

ಯಾರು ನೋಡ್ತಾರೆ ಅಂತೆ. ಮಳೆ ನೋಡುತ್ತೆ ಮಾರಾಯ್ರೆ.

ಹೊರಗಿನ ಬಾಗಿಲು ಅಂತ ಪಿಯು, ಅಂದ್ರೆ ಪಾಲಿಯುರೆಥೇನ್ ಪಾಲಿಶ್‌ಗೆ ಮಾತಾಗಿತ್ತು. ಬಿಲ್ಲಿನಲ್ಲೂ ಅದೇ ಬರೆದಿದ್ದಾನೆ. ಗ್ಯಾರೇಜಿನ ಹಿಂದೆ ಅವರು ಬಿಟ್ಟುಹೋದ ಡಬ್ಬ ಸಿಕ್ತು, ಮೆಲಮೈನ್. ಅದು ಮನೆ ಒಳಗಿನ ಪೀಠೋಪಕರಣಕ್ಕೆ ಹೊಡೆಯೋದು, ಬಿಸಿಲು ಮಳೆ ಎರಡೂ ತಡೆಯಲ್ಲ. "ಅದು ಬೇರೆ ಸೈಟಿನ ಡಬ್ಬ" ಅಂದ. ಹಾಗಾದ್ರೆ ಜೂನ್‌ನಲ್ಲಿ ಮಳೆ ಹಿಡೀತಿದ್ದಂತೆ ಬಾಗಿಲ ಕೆಳಭಾಗ ಬೆಳ್ಳಗಾಗಿ ಸಿಪ್ಪೆ ಏಳೋಕೆ ಶುರುವಾಗಿದ್ದು ಯಾಕೆ? ಅದಕ್ಕೆ ಉತ್ತರ: "ಹಲಸಿನ ಮರ ಅಲ್ವಾ ಸಾರ್, ಪಾಲಿಶ್ ಹಿಡಿಯಲ್ಲ. ತೇಗ ಹಾಕ್ಬೇಕಿತ್ತು." ನಮ್ಮ ಅಜ್ಜನ ಕಾಲದ ಹಲಸಿನ ಬಾಗಿಲು ಇವತ್ತಿಗೂ ಮನೆಯಲ್ಲಿ ನೆಟ್ಟಗೆ ನಿಂತಿದೆ. ಆ ಮರದ ಹಳದಿ ವರ್ಷ ಕಳೆದಂತೆ ಕೆಂಪುಗಂದಾಗೋದು ಕಾಣಲಿ ಅಂತಲೇ ಬಣ್ಣ ಹೊಡೆಸದೆ ಪಾಲಿಶ್ ಮಾಡಿಸಿದ್ದು. ತನ್ನ ಮೋಸಕ್ಕೆ ನನ್ನ ಮರದ ಮೇಲೆ ದೂರು ಹಾಕಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.

ಇಂಥ ಕೆಲಸ ಮಾಡಿಸೋರು ಇಷ್ಟು ಮಾಡಿ. ಗಾಜು ಗಾಡಿಯಿಂದ ಇಳಿಯೋ ಮೊದಲೇ ಅಚ್ಚಿನ ಗುರುತು ನೋಡಿ, ಸ್ಟಿಕರ್ ನಂಬಬೇಡಿ. ಟಫನ್ಡ್ ಅಂದವರು ಕಟರ್ ತೆಗೆದರೆ ಅಲ್ಲೇ ಕೆಲಸ ನಿಲ್ಲಿಸಿ, ಒಂದು ರೂಪಾಯಿನೂ ಕೊಡಬೇಡಿ. ಪಾಲಿಶ್ ಡಬ್ಬವನ್ನ ನಿಮ್ಮೆದುರೇ ಒಡೆಸಿ, ಖಾಲಿ ಡಬ್ಬ ನೀವೇ ಇಟ್ಕೊಳ್ಳಿ. ಕಚ್ಚಿಗೆ ಕೋಟ್ ಬೀಳೋವರೆಗೆ ಗಾಜು ಕೂರಿಸೋಕೆ ಬಿಡಬೇಡಿ. ಬಿಲ್ಲಿನಲ್ಲಿ ಗಾಜಿನ ದಪ್ಪ, ಟಫನ್ಡ್ ಅನ್ನೋ ಪದ, ಪಾಲಿಶ್ ಯಾವುದು ಅಂತ ಬರೆಸಿ. ನನ್ನ ಬಿಲ್ಲಿನಲ್ಲಿ ಅದು ಇರೋದಕ್ಕೇ ಈಗ ಮಾತಾಡೋಕೆ ಬಾಯಿ ಇದೆ.

1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೀನಿ. ಅದಾದ ಮೇಲೆ "ಸಾರ್, ನಾವು ನಾವೇ ಕೂತು ಮಾತಾಡೋಣ, ಯಾಕೆ ದೊಡ್ಡದು ಮಾಡ್ತೀರಿ" ಅಂತ ಮೆಸೇಜ್ ಬಂತು, ದುಡ್ಡು ಬರಲಿಲ್ಲ. ಮುಂದೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಹಾಕಬೇಕು. ಕತ್ತರಿಸಿ ಉಳಿದ ಆ ಗಾಜಿನ ಪಟ್ಟಿ, ಸ್ಟಿಕರ್, ಮೆಲಮೈನ್ ಡಬ್ಬ ಎಲ್ಲಾ ತೆಗೆದಿಟ್ಟಿದ್ದೀನಿ. ಇದೇ ಥರ ನಿಮಗೂ ಸೆಮಿ ಟಫನ್ಡ್ ಅಂತ ಕಥೆ ಹೇಳಿದ್ದರೆ ನನಗೆ ಮೆಸೇಜ್ ಮಾಡಿ, ನಿಮ್ಮ ಬಿಲ್ ಇದ್ದರೆ ಇಬ್ಬರೂ ಒಟ್ಟಿಗೆ ದೂರು ಹಾಕೋಣ.