ಆಲ್ಟಿಸ್, ಸಿವಿಕ್, ಆಕ್ಟೇವಿಯಾ: ಕಂಪನಿ ನಿಲ್ಲಿಸಿದ ಮೂರು ದೊಡ್ಡ ಸೆಡಾನ್‌ಗಳಲ್ಲಿ ನಮ್ಮ ಮನೆಗೆ ಬಂದದ್ದು

ಎಂಟೊಂಬತ್ತು ಲಕ್ಷ ಇಟ್ಟುಕೊಂಡು ಮೈಸೂರಿನ ಯಾವ ಶೋರೂಂಗೆ ಹೋದರೂ ಈಗ ಮೊದಲು ತೋರಿಸುವುದು ಚಿಕ್ಕ ಎಸ್‌ಯುವಿ. ನೋಡೋಕೆ ಎತ್ತರವಾಗಿರುತ್ತದೆ, ಹಿಂದೆ ಮೂರು ಜನ ಕೂತರೆ ಭುಜಕ್ಕೆ ಭುಜ ಒತ್ತುತ್ತದೆ. ಅದೇ ದುಡ್ಡಿಗೆ, ಹೊಸದರಲ್ಲಿ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿದ್ದ ದೊಡ್ಡ ಸೆಡಾನ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಗಾಡಿಗೆ ವಯಸ್ಸಾಗಿದೆ ಅನ್ನೋದು ಬೆಲೆ ಇಳಿಯಲು ಒಂದು ಕಾರಣ. ‘ಕಂಪನಿಯೇ ನಿಲ್ಲಿಸಿಬಿಟ್ಟಿದೆ, ನಾಳೆ ಪಾರ್ಟ್ಸ್ ಸಿಗದಿದ್ದರೆ?’ ಅನ್ನೋ ಭಯ ಇನ್ನೊಂದು. ಆ ಭಯದಿಂದ ಲಾಭ ಆಗುವುದು ನಮ್ಮಂಥ ಮನೆಯವರಿಗೆ.

ನಾನು ನೋಡಿದ್ದು ಮೂರು. ಟೊಯೋಟಾ ಕೊರೊಲ್ಲಾ ಆಲ್ಟಿಸ್, ಹೋಂಡಾ ಸಿವಿಕ್, ಸ್ಕೋಡಾ ಆಕ್ಟೇವಿಯಾ. ಕೊಂಡದ್ದು ಆಲ್ಟಿಸ್. 2016ರದ್ದು, ಪೆಟ್ರೋಲ್, ಸಿವಿಟಿ (ಕೈಯಲ್ಲಿ ಗೇರ್ ಹಾಕಬೇಕಿಲ್ಲದ ಆಟೋಮ್ಯಾಟಿಕ್). ಇವತ್ತು ಮತ್ತೆ ಆರಿಸು ಅಂದರೂ ಅದನ್ನೇ ಆರಿಸುತ್ತೇನೆ.

ನಮ್ಮ ಓಡಾಟ ಹೇಗಿದೆ ಅಂತ ಹೇಳದೆ ಇದ್ದರೆ ಈ ಹೋಲಿಕೆಗೆ ಅರ್ಥ ಇಲ್ಲ. ಮನೆ ಕುವೆಂಪುನಗರದಲ್ಲಿ. ಊರು ಪಾಂಡವಪುರ ತಾಲ್ಲೂಕು. ಶ್ರೀರಂಗಪಟ್ಟಣದ ತನಕ ಹೆದ್ದಾರಿ, ಆಮೇಲೆ ಊರ ದಾರಿ, ಕೊನೆಗೆ ನಾಲೆ ಪಕ್ಕದ ರಸ್ತೆ. ಗಾಡಿಯಲ್ಲಿ ಐದು ಜನ: ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ ಎರಡೂ ಮಂಡಿ ಸವೆದಿವೆ. ಊರಿಂದ ಬರುವಾಗ ಡಿಕ್ಕಿಯಲ್ಲಿ ರಾಗಿ ಮೂಟೆ, ತೆಂಗಿನಕಾಯಿ, ಬೆಲ್ಲ ಇರಲೇಬೇಕು. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ದಾಟುವುದು ಕಷ್ಟ. ಅದಕ್ಕೇ ಡೀಸೆಲ್ ಯೋಚನೆಯನ್ನೇ ಮಾಡಲಿಲ್ಲ. ಆಲ್ಟಿಸ್‌ನ ಡೀಸೆಲ್ ಬೇರೆ 1.4 ಲೀಟರ್, ಶಕ್ತಿ 88 ಪಿಎಸ್ (ಹೆಚ್ಚೂಕಮ್ಮಿ ಹಾರ್ಸ್‌ಪವರ್ ಲೆಕ್ಕವೇ) ಅಷ್ಟೇ. ಆ ಮೈಗೆ ಅದು ಸಾಲದು.

ಸಿವಿಕ್ ವಿಷಯ. ಎರಡು ಸಿವಿಕ್ ಇವೆ, ಕಲಸಿಕೊಳ್ಳಬೇಡಿ. 2006ರಿಂದ 2013ರವರೆಗೆ ಬಂದದ್ದು ಒಂದು. ಅದು ಈಗ ತುಂಬಾ ಅಗ್ಗ, ಆದರೆ ಹದಿನೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸುವ ಕೆಲಸ ಬಾಗಿಲಲ್ಲೇ ನಿಂತಿರುತ್ತದೆ. ಇನ್ನೊಂದು 2019ರ ಮಾರ್ಚ್‌ನಲ್ಲಿ ಬಂದು 2020ರ ಕೊನೆಗೆ ನಿಂತುಹೋಯಿತು, ಹೋಂಡಾ ತನ್ನ ಗ್ರೇಟರ್ ನೋಯ್ಡಾ ಕಾರ್ಖಾನೆ ಮುಚ್ಚಿದಾಗ. ನಾನು ಓಡಿಸಿದ್ದು ಈ ಎರಡನೆಯದು, ವಿಜಯನಗರದ ಡಾಕ್ಟರೊಬ್ಬರದ್ದು. 1.8 ಪೆಟ್ರೋಲ್ ಎಂಜಿನ್, ಸಿವಿಟಿ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಅದರಷ್ಟು ನೆಟ್ಟಗೆ, ನೆಲಕ್ಕೆ ಅಂಟಿಕೊಂಡು ಹೋಗುವ ಗಾಡಿ ನಾನು ಓಡಿಸಿಲ್ಲ. ಚೆಲುವಿನಲ್ಲೂ ಮೂರರಲ್ಲಿ ಮೊದಲು. ಬೆಲೆ ಮಾತ್ರ ಹನ್ನೊಂದು ಲಕ್ಷದಿಂದ ಕೆಳಗೆ ಇಳಿಯಲಿಲ್ಲ.

ಆಕ್ಟೇವಿಯಾ 2015ರದ್ದು, ಹೆಂಡತಿಯ ಆಫೀಸಿನವರದ್ದು. 1.8 ಟರ್ಬೊ ಪೆಟ್ರೋಲ್, 180 ಪಿಎಸ್. ಕಾಲಿಟ್ಟರೆ ಹಾರುತ್ತದೆ. ಹೆದ್ದಾರಿಯಲ್ಲಿ ಅದರ ಸೀಟು, ಅದರ ನಿಲುವು ನೋಡಿದರೆ ಇನ್ನೂ ದೊಡ್ಡ ಗಾಡಿಯಲ್ಲಿ ಕೂತಿದ್ದೀವಿ ಅನ್ನಿಸುತ್ತದೆ. ಆದರೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಈಗ ಮಿತಿ ಗಂಟೆಗೆ 100, ದಾರಿಯುದ್ದಕ್ಕೂ ಕ್ಯಾಮೆರಾ. 180 ಪಿಎಸ್ ಇಟ್ಟುಕೊಂಡು ಮಾಡೋದು ಏನು? ಮನೆಗೆ ಚಲನ್ ಬರುತ್ತದೆ ಅಷ್ಟೇ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಗಾಡಿ ತೀರ್ಮಾನವಾಗಿದ್ದು ಡ್ರೈವರ್ ಸೀಟಿನಲ್ಲಿ ಕೂತು ಅಲ್ಲ, ಹಿಂದಿನ ಬಾಗಿಲು ತೆಗೆದು.

ಅಮ್ಮ ಕಾರು ಹತ್ತುವ ರೀತಿ ಹೀಗೆ. ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಒಂದು ಕೈಯಲ್ಲಿ ಮುಂದಿನ ಸೀಟಿನ ತಲೆದಿಂಬು ಹಿಡಿಯುತ್ತಾರೆ, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ. ಮೊದಲು ಕೂರುವುದು. ಆಮೇಲೆ ಒಂದು ಕಾಲನ್ನು ಕೈಯಿಂದಲೇ ಎತ್ತಿ ಒಳಗಿಡುವುದು, ಆಮೇಲೆ ಇನ್ನೊಂದು. ಸಿವಿಕ್‌ನಲ್ಲಿ ಸೀಟು ತಗ್ಗಿನಲ್ಲಿದೆ, ಮೇಲೆ ಚಾವಣಿ ಹಿಂದಕ್ಕೆ ಇಳಿಜಾರಾಗಿ ಬರುತ್ತದೆ. ಅಮ್ಮ ತಲೆ ಬಗ್ಗಿಸಬೇಕು, ಅದೇ ಹೊತ್ತಿಗೆ ಮಂಡಿಯನ್ನೂ ಪೂರ್ತಿ ಮಡಿಸಬೇಕು. ಕೊನೆಯ ಅರ್ಧ ಅಡಿ ದೊಪ್ಪನೆ ಬಿದ್ದರು. ಇಳಿಯುವಾಗ ನಾನೂ ಹೆಂಡತಿಯೂ ಒಂದೊಂದು ಕೈ ಹಿಡಿದು ಎಬ್ಬಿಸಿದೆವು. ‘ಗುಂಡಿಗೆ ಇಳಿದು ಹತ್ತಿದಂಗಾಯ್ತದೆ ಕಣಪ್ಪ, ನಂಗೆ ಬ್ಯಾಡ’ ಅಂದರು ಅಮ್ಮ. ಸಿವಿಕ್ ಅಲ್ಲಿಗೇ ಮುಗಿಯಿತು. ಬಜೆಟ್ ಇದ್ದಿದ್ದರೂ ಮುಗಿಯುತ್ತಿತ್ತು.

ಆಕ್ಟೇವಿಯಾದಲ್ಲಿ ಹತ್ತೋದು ಸುಲಭ. ಬಾಗಿಲು ಅಗಲ, ಸೀಟು ಗಟ್ಟಿ, ತೊಡೆಗೆ ಆಸರೆ ಚೆನ್ನಾಗಿದೆ. ಅಲ್ಲಿನ ತೊಂದರೆ ನೆಲದ ಮಧ್ಯದ ದಿಬ್ಬ. ಹಿಂದಿನ ಸೀಟಿನ ಮುಂದೆ, ಗಾಡಿಯ ಉದ್ದಕ್ಕೆ, ಎತ್ತರವಾಗಿ ಬಂದಿದೆ. ಇಬ್ಬರೇ ಕೂರುವವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ನಮಗೆ ಅದೇ ದೊಡ್ಡ ವಿಷಯ. ಯಾಕೆ ಅಂದರೆ, ಊರಿನಲ್ಲಿ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿದರೆ ಎಡಗಡೆ ಚರಂಡಿ. ಎಡಬಾಗಿಲು ತೆಗೆಯೋಕೇ ಆಗಲ್ಲ. ಎಲ್ಲರೂ ಬಲಗಡೆಯಿಂದಲೇ ಹತ್ತಬೇಕು. ಮೈಸೂರಿಗೆ ಬಂದು ದೇವರಾಜ ಮಾರ್ಕೆಟ್ ಹತ್ತಿರವೋ ಆಸ್ಪತ್ರೆ ಮುಂದೆಯೋ ನಿಲ್ಲಿಸಿದರೆ ಬಲಗಡೆ ಬಸ್ಸು, ಆಟೋ. ಅಲ್ಲಿ ಇಳಿಯೋದು ಎಡಗಡೆಯೇ. ಅಂದರೆ ಅಮ್ಮ ಬಲಕ್ಕೆ ಹತ್ತಿ ಎಡಕ್ಕೆ ಸರಿಯಬೇಕು. ಮಂಡಿ ಎತ್ತಲಾಗದವರು ಆ ದಿಬ್ಬ ದಾಟುವುದು ಹೇಗೆ? ಆಕ್ಟೇವಿಯಾದಲ್ಲಿ ಅಮ್ಮ ಅರ್ಧಕ್ಕೆ ಬಂದು ಒಂದು ಕಾಲು ಆಚೆ, ಒಂದು ಕಾಲು ಈಚೆ ಸಿಕ್ಕಿಕೊಂಡು ಕೂತುಬಿಟ್ಟರು. ಮಗಳು ಬಗ್ಗಿ ಅವರ ಪಾದ ಹಿಡಿದು ದಾಟಿಸಿದಳು.

2014ರಿಂದ ಬಂದ ಆಲ್ಟಿಸ್‌ನಲ್ಲಿ ಹಿಂದಿನ ನೆಲ ಹೆಚ್ಚೂಕಮ್ಮಿ ಸಮತಟ್ಟು. ಅಮ್ಮ ಬಲಗಡೆ ಕೂತು, ಪಾದ ನೆಲದಲ್ಲೇ ಎಳೆದುಕೊಂಡು, ಸೀಟಿನ ಮೇಲೆ ಕೈ ಊರಿ ಸರಿಯುತ್ತಾ ಎಡತುದಿಗೆ ಹೋದರು. ಯಾರೂ ಮುಟ್ಟಲಿಲ್ಲ. ಅದನ್ನು ನೋಡಿದ ಮೇಲೆ ಬೇರೆ ಯಾವ ಹೋಲಿಕೆಯೂ ನನಗೆ ಬೇಕಾಗಿರಲಿಲ್ಲ. ಮಧ್ಯದಲ್ಲಿ ಕೂರುವ ಮಗನಿಗೂ ಕಾಲಿಡೋಕೆ ಜಾಗ ಸಿಕ್ಕಿತು. ಈ ವಿಷಯ ಬ್ರೋಷರ್ ಓದಿ ಗೊತ್ತಾಗುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಅವರನ್ನೇ ಕರೆದುಕೊಂಡು ಹೋಗಿ, ಹತ್ತಿಸಿ, ಇಳಿಸಿ, ಸರಿಸಿ ನೋಡಿ. ಅಡ್ವಾನ್ಸ್ ಕೊಡುವ ಮುಂಚೆ.

ಅದೇ ಆಲ್ಟಿಸ್‌ನಲ್ಲಿ ಹಿಂದಿನವರಿಗೆ ಎಸಿ ವೆಂಟ್ ಇಲ್ಲ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ್ದರೆ ಹಿಂದೆ ತಣ್ಣಗಾಗೋಕೆ ಹೊತ್ತು ಹಿಡಿಯುತ್ತದೆ. ನಾನು ಹೊರಡುವ ಮುಂಚೆ ನಾಲ್ಕೂ ಗಾಜು ಇಳಿಸಿ ಬಿಸಿಗಾಳಿ ಬಿಡುತ್ತೇನೆ, ಮುಂದಿನ ಮಧ್ಯದ ವೆಂಟ್‌ಗಳನ್ನು ಹಿಂದಕ್ಕೆ ತಿರುಗಿಸುತ್ತೇನೆ. ಕೆಲಸ ನಡೆಯುತ್ತದೆ.

ಹಂಪ್. ಊರ ದಾರಿಯಲ್ಲಿ ಜನ ತಾವೇ ಹಾಕಿಕೊಂಡ ಹಂಪ್‌ಗಳಿಗೆ ಅಳತೆ ಇಲ್ಲ, ಬಣ್ಣ ಇಲ್ಲ. ಹೋಂಡಾ ಭಾರತಕ್ಕೆ ಅಂತ ಸಿವಿಕ್‌ನ ಸ್ವಲ್ಪ ಎತ್ತರಿಸಿಯೇ ಕೊಟ್ಟಿತ್ತು, ಆದರೂ ಐದು ಜನ ಕೂತರೆ ಹೊಟ್ಟೆ ಸವರುವ ಭಯ ಇದ್ದೇ ಇದೆ. ಆಲ್ಟಿಸ್‌ನ ಓರೆಯಾಗಿ, ನಿಧಾನವಾಗಿ ಹತ್ತಿಸಿದರೆ ಸಾಕು. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್‌ಗಳು ಗುಂಡಿ ಮಾಡಿಟ್ಟ ದಾರಿಯಲ್ಲೂ ಅದರ ಸಸ್ಪೆನ್ಷನ್ ಮೆತ್ತಗೆ ನುಂಗಿಕೊಂಡು ಹೋಗುತ್ತದೆ.

ಡಿಕ್ಕಿಯಲ್ಲಿ ಗೆದ್ದದ್ದು ಆಕ್ಟೇವಿಯಾ, ಅನುಮಾನವೇ ಇಲ್ಲ. 590 ಲೀಟರ್. ಹಿಂದಿನ ಗಾಜಿನ ಸಮೇತ ಬಾಗಿಲು ಮೇಲೇಳುತ್ತದೆ, ರಾಗಿ ಮೂಟೆ ನಿಂತುಕೊಂಡೇ ಒಳಗೆ ಇಡಬಹುದು. ಆಲ್ಟಿಸ್‌ನದ್ದು 470 ಲೀಟರ್. ಮುಚ್ಚಳದ ಕಬ್ಬಿಣದ ತೋಳುಗಳು ಒಳಕ್ಕೆ ಇಳಿಯುತ್ತವೆ, ಮೂಟೆ ನಡುವೆ ಇಟ್ಟು ಎರಡೂ ಪಕ್ಕ ಜಾಗ ಬಿಡಬೇಕು.

ಎಂಜಿನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಆಲ್ಟಿಸ್‌ನದ್ದು 1.8 ಲೀಟರ್, 140 ಪಿಎಸ್, ಟರ್ಬೊ ಇಲ್ಲ, ಟೈಮಿಂಗ್ ಬೆಲ್ಟ್ ಬದಲು ಚೈನ್. ಸಿವಿಟಿಯಲ್ಲಿ ಗೇರ್ ಚಕ್ರಗಳ ಬದಲು ಎರಡು ಪುಲ್ಲಿ, ನಡುವೆ ಲೋಹದ ಬೆಲ್ಟ್. ಬೆಟ್ಟ ಹತ್ತುವಾಗ ಜೋರಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಆಮೇಲೆ ಏಳುತ್ತದೆ. ಮೆತ್ತಗೆ ಒತ್ತಿದರೆ ಬೆಣ್ಣೆ. ನಾನು ಮೆತ್ತಗೆ ಓಡಿಸುವವನು. ಆಕ್ಟೇವಿಯಾ 1.8ರಲ್ಲಿ ಇರುವುದು ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್, ಒಣ ಕ್ಲಚ್. ಎರಡು ಕ್ಲಚ್, ತಣಿಸೋಕೆ ಎಣ್ಣೆ ಸ್ನಾನ ಇಲ್ಲ. ದಸರಾ ಟ್ರಾಫಿಕ್‌ನಲ್ಲಿ ತೆವಳಿಸುತ್ತಾ ಕೂತರೆ ಬಿಸಿಯಾಗುವುದು ಅದರ ಸ್ವಭಾವ. ನಾನು ಓಡಿಸಿದ ಗಾಡಿಯಲ್ಲಿ ಒಂದು ಜರ್ಕ್ ಕೂಡ ಇರಲಿಲ್ಲ, ಅವರು ಚೆನ್ನಾಗಿ ನೋಡಿಕೊಂಡಿದ್ದರು. ಆದರೆ ಹತ್ತು ವರ್ಷ ಹಳೆಯ ಡಿಎಸ್‌ಜಿ ರಿಪೇರಿಗೆ ಬಂದರೆ ಮಾತು ಲಕ್ಷದಲ್ಲಿ ನಡೆಯುತ್ತದೆ. ಸಂಬಳದಲ್ಲಿ ಬದುಕುವ ನನಗೆ ಆ ಯೋಚನೆ ಇಟ್ಟುಕೊಂಡು ನಿದ್ದೆ ಬರಲ್ಲ.

ನಮ್ಮ ಆಲ್ಟಿಸ್‌ನ ಮೈಲೇಜ್: ಮೈಸೂರೊಳಗೆ ಲೀಟರಿಗೆ ಒಂಬತ್ತು ಹತ್ತು, ಹೆದ್ದಾರಿಯಲ್ಲಿ ನಿಧಾನಕ್ಕೆ ಹೋದರೆ ಹದಿನೈದರ ಹತ್ತಿರ. ಮೂರೂ ಇ20 (ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ) ಪೆಟ್ರೋಲ್ ಬರುವ ಮುಂಚಿನ ಗಾಡಿಗಳು. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ, ಹಾಗಾಗಿ ಹಳೆಯ ರಿವ್ಯೂಗಳಲ್ಲಿ ಓದಿದ ಮೈಲೇಜ್‌ನ ಈಗ ಲೆಕ್ಕಕ್ಕೆ ಹಿಡಿಯಬೇಡಿ.

ಪಾರ್ಟ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಆಲ್ಟಿಸ್ ಇಲ್ಲಿ 2020ರಲ್ಲಿ, ಬಿಎಸ್6 ಅನ್ನೋ ಹೊಸ ಹೊಗೆ ನಿಯಮ ಬಂದ ಹೊತ್ತಿಗೆ ನಿಂತಿತು. ಆದರೆ ಕೊರೊಲ್ಲಾ ಅನ್ನೋ ಹೆಸರು 1966ರಿಂದ ಪ್ರಪಂಚದಲ್ಲಿ ನಡೆಯುತ್ತಿದೆ, ಐದು ಕೋಟಿಗೂ ಜಾಸ್ತಿ ಮಾರಾಟವಾಗಿದೆ. ನಮ್ಮ ಆಲ್ಟಿಸ್ ತಯಾರಾಗಿದ್ದೂ ದೂರದಲ್ಲಲ್ಲ, ಬೆಂಗಳೂರಿಗೆ ಹೋಗುವ ದಾರಿಯ ಬಿಡದಿಯಲ್ಲಿ. ಫಿಲ್ಟರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್, ಇವಕ್ಕೆ ನನಗೆ ಪರದಾಟ ಆಗಿಲ್ಲ. ಹೆಡ್‌ಲೈಟ್, ಬಂಪರ್, ಗಾಜು ಆದರೆ ಆರ್ಡರ್ ಹಾಕಿ ಕಾಯಬೇಕು, ಬೆಲೆಯೂ ಜಾಸ್ತಿ. ಅದಕ್ಕೇ ಕೊಳ್ಳುವಾಗ ಎಂಜಿನ್‌ಗಿಂತ ಮೊದಲು ಹೆಡ್‌ಲೈಟ್‌ಗಳನ್ನು ಹತ್ತಿರದಿಂದ ನೋಡಿ. ಬಿರುಕು, ಒಳಗೆ ತೇವ, ಒಂದು ಹೊಸದು ಒಂದು ಹಳದಿ, ಇವು ಕಂಡರೆ ಬೆಲೆ ಇಳಿಸಿ ಕೇಳಿ.

ಇನ್ನೊಂದು ಮಾತು, ಇದು ಮೂರೂ ಗಾಡಿಗೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಪ್ರವಾಹ ಬಂದಾಗ ದುಬಾರಿ ಗಾಡಿಗಳು ನೀರಲ್ಲಿ ನಿಂತಿದ್ದವು. ಹೀಗೆ ಮುಳುಗಿದ ಗಾಡಿಗಳು ತೊಳೆದುಕೊಂಡು ಬೇರೆ ಊರುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಒಂದು ಯಾರ್ಡ್‌ನಲ್ಲಿ ಥಳಥಳ ಅನ್ನುವ ಆಲ್ಟಿಸ್ ಇತ್ತು, ಬೆಲೆ ಆರು ಲಕ್ಷದ ಒಳಗೆ. ನಮ್ಮ ಮೆಕ್ಯಾನಿಕ್ ಹಿಂದಿನ ಸೀಟ್ ಬೆಲ್ಟ್‌ನ ಪೂರ್ತಿ ಕೊನೆಯವರೆಗೆ ಎಳೆದರು. ಮೇಲೆ ಕಪ್ಪಾಗಿದ್ದ ಬೆಲ್ಟು ಕೊನೆಯ ಒಂದು ಗೇಣು ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಉಗುರಲ್ಲಿ ಕೆರೆದರೆ ಒಣ ಕೆಸರು ಉದುರಿತು. ‘ಸಾರ್, ನಡೀರಿ’ ಅಂದರು. ಹೊರಟುಬಂದೆವು. ಬೆಲ್ಟ್ ಎಳೆಯಿರಿ, ಸ್ಟೆಪ್ನಿ ತೆಗೆದು ಅದರ ಕುಳಿಯಲ್ಲಿ ತುಕ್ಕು ನೋಡಿ, ಕಾರ್ಪೆಟ್ ಅಡಿ ಕೈ ಹಾಕಿ ಮೂಸಿ. ಐದು ನಿಮಿಷದ ಕೆಲಸ.

ಡೆಲ್ಲಿ ಗಾಡಿ ಅಗ್ಗ ಅಂತ ಫೋನ್ ಬರುತ್ತದೆ. ಅಲ್ಲಿ ಡೀಸೆಲ್‌ಗೆ ಹತ್ತು ವರ್ಷ, ಪೆಟ್ರೋಲ್‌ಗೆ ಹದಿನೈದು ವರ್ಷ ಅನ್ನೋ ನಿಯಮ ಬಂದಿದ್ದರಿಂದ ಬೆಲೆ ಬಿದ್ದಿತ್ತು. ಇಲ್ಲಿಗೆ ತಂದರೆ ಎನ್‌ಒಸಿ, ಲೈಫ್ ಟ್ಯಾಕ್ಸ್ ಎಲ್ಲ ಸೇರಿ ಆ ಅಗ್ಗ ಕರಗಿಹೋಗುತ್ತದೆ. ಮೈಸೂರಿನ ಕೆಎ-09, ಕೆಎ-55 ಅಥವಾ ಮಂಡ್ಯದ ಕೆಎ-11 ನಂಬರಿನದ್ದೇ ಹುಡುಕಿ. ಗಾಡಿ ಎಲ್ಲಿ ಓಡಿದೆ, ಯಾರು ಓಡಿಸಿದ್ದಾರೆ ಅಂತ ವಿಚಾರಿಸೋದು ಸುಲಭ.

ಮನೆಯಲ್ಲಿ ನಾಲ್ಕೇ ಜನ, ಊರ ಓಡಾಟ ಇಲ್ಲ, ಗಾಡಿ ಓಡಿಸೋದೇ ಖುಷಿ ಅನ್ನುವವರು ಆಕ್ಟೇವಿಯಾ 1.4 ಟರ್ಬೊ ಪೆಟ್ರೋಲ್ ಮ್ಯಾನುಯಲ್ ನೋಡಿ, ಡಿಎಸ್‌ಜಿ ಚಿಂತೆ ಇರುವುದಿಲ್ಲ. ಬಜೆಟ್ ಇನ್ನೂ ಒಂದೆರಡು ಲಕ್ಷ ಎಳೆಯಬಹುದಾದರೆ 2017ರ ನಂತರದ ಆಲ್ಟಿಸ್ ಒಳ್ಳೆಯದು, ಮೇಲಿನ ವೇರಿಯಂಟ್‌ನಲ್ಲಿ ಏಳು ಏರ್‌ಬ್ಯಾಗ್ ಇದೆ.

ನಾನು ಕೊಟ್ಟದ್ದು 7.75 ಲಕ್ಷ. ಮೊದಲ ತಿಂಗಳಲ್ಲೇ ನಾಲ್ಕು ಟಯರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಸಿವಿಟಿ ಆಯಿಲ್ ಬದಲಿಸಿದೆ, ಸುಮಾರು ಅರವತ್ತು ಸಾವಿರ. ಇದನ್ನು ಬೆಲೆಯ ಜೊತೆಗೇ ಲೆಕ್ಕ ಹಾಕಿಕೊಂಡಿದ್ದೆ. ಹಳೇ ಸಾಲದ ಬ್ಯಾಂಕ್ ಹೆಸರು ಆರ್‌ಸಿಯಲ್ಲಿ ಉಳಿದಿತ್ತು. ಬ್ಯಾಂಕಿನ ಎನ್‌ಒಸಿ ಮತ್ತು ಆ ಹೆಸರು ತೆಗೆಸುವ ಫಾರಂ 35 ಕೈಗೆ ಬಂದ ಮೇಲೇ, ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡೆ. ಕೊನೆಯ ಐವತ್ತು ಸಾವಿರ ಆರ್‌ಸಿ ನನ್ನ ಹೆಸರಿಗಾದ ಮೇಲೆ ಅಂತ ಮೊದಲೇ ಮಾತಾಗಿತ್ತು. ಮಾರಿದವರು ಒಪ್ಪಿಕೊಂಡರು. ನೀವೂ ಅಡ್ವಾನ್ಸ್ ಕೊಡುವ ದಿನವೇ ಆ ಮಾತು ಆಡಿಬಿಡಿ.